ಎಲ್ಲಿಯ ಪ್ರಸಂಗ

“ಆ ಡಾಕ್ಟರನ್ನು ಕೊಂದದ್ದರಲ್ಲಿ ತಪ್ಪೇನಿದೆ? ನಾನಾಗಿದ್ದರೂ ಕೊಲ್ಲುತ್ತಿದ್ದೆ!”

ಉಪ್ಪರಿಗೆಯಿಂದ ಈ ಮಾತು ಇಳಿದು ಬಂದಾಗ ಅಮ್ಮ ಹಿಂದಿನ ಜಗಲಿಯಲ್ಲಿ ಕೂತು ಹಪ್ಪಳಕ್ಕೆ ಹಲಸಿನ ಸೊಳೆ ಬಿಡಿಸುತ್ತಿದ್ದಳು. ಕೈ ತುಂಬ ಮೇಣ, ಎದೆ ಮುಟ್ಟಿಕೊಳ್ಳುವ ಹಾಗೂ ಇಲ್ಲ. ಹೇಳಿದವನು ನನ್ನ ಮಗ. ಇಂಜಿನಿಯರಿಂಗ್ ಎರಡನೇ ವರ್ಷ, ಜಿರಲೆ ಕಂಡರೆ ಮಂಚ ಹತ್ತುವ ಆಸಾಮಿ. ಅದಕ್ಕೆ ಉತ್ತರ ಕೊಟ್ಟವನು ತಂಗಿಯ ಮಗ, ಪಿಯುಸಿ. “ಒಬ್ಬಳಿಗಾಗಿ ಇಡೀ ಲೋಕವನ್ನೇ ಬಲಿ ಕೊಟ್ಟವ ಅವ. ಗಾಲ್ಫ್ ಕೋಲಿನಲ್ಲಿ ಬಡಿದು ಕೊಂದರಲ್ಲ, ಅದೇ ಸರಿ!”

ಅಮ್ಮ ನನ್ನನ್ನು ಕರೆದು ಸಣ್ಣ ದನಿಯಲ್ಲಿ, “ಪೊಲೀಸರು ಬರುವ ಮೊದಲು ಒಮ್ಮೆ ಮೇಲೆ ಹೋಗಿ ನೋಡು” ಎಂದಳು.

ಮೇಲೆ ಹೆಣವೇನೂ ಇರಲಿಲ್ಲ. ಎರಡು ಲ್ಯಾಪ್‌ಟಾಪು, ಒಂದು ತಟ್ಟೆ ಚಕ್ಕುಲಿ, ನಡುವೆ 2013ರಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್’ ಎಂಬ ವಿಡಿಯೋ ಗೇಮಿನ ಕೊನೆಯ ಅಂಕ. ಆ ಆಟ ಬಂದಾಗ ಇವರಿಬ್ಬರಿಗೆ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಈಗ ಅದರ ನಾಯಕನ ಮೇಲೆ ಖಟ್ಲೆ ನಡೆಸುತ್ತಿದ್ದಾರೆ. ಬೆಂಗಳೂರಲ್ಲಿ ಇದು ನನಗೆ ದಿನಾ ಕೇಳುವ ಗದ್ದಲ. ಊರಲ್ಲಿ, ಅದೂ ಹಪ್ಪಳದ ಕಾಲದಲ್ಲಿ ನಡೆದದ್ದೇ ಎಡವಟ್ಟಾಯಿತು. ಯಾಕೆಂದರೆ ಮುಂಜಗಲಿಯಲ್ಲಿ ಅಪ್ಪಯ್ಯ ಕೂತಿದ್ದರು.

ಅಪ್ಪಯ್ಯ ಮೇಷ್ಟ್ರಾಗಿ ನಿವೃತ್ತರಾದವರು, ಅರ್ಥಧಾರಿಯಾಗಿ ಆಗದವರು. ತಾಳಮದ್ದಳೆಯಲ್ಲಿ ಅವರ ವಾಲಿ ನಾಲ್ಕೂರಿಗೆ ಪ್ರಸಿದ್ಧ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಪ್ರಶ್ನೆ ಕೇಳುತ್ತಾನಲ್ಲ, ಅಲ್ಲಿ ಅಪ್ಪಯ್ಯ ಒಂದೂವರೆ ಗಂಟೆ ಸಾಯುತ್ತಿರಲಿಲ್ಲ. ಒಂದು ಸಲ ಎದುರಿನ ರಾಮ ಎದ್ದು ಹೋಗಿ ಚಾ ಕುಡಿದು ಬಂದನೆಂದು ಈಗಲೂ ಹೇಳುತ್ತಾರೆ. ಅಂಥವರ ಕಿವಿಗೆ ‘ಕೊಂದದ್ದು ಸರಿಯೋ ತಪ್ಪೋ’ ಎಂಬ ಮಾತು ಬಿದ್ದರೆ? ಪೇಪರು ಮಡಚಿ, ಕೋಲು ಊರಿಕೊಂಡು ಉಪ್ಪರಿಗೆ ಹತ್ತಿಯೇಬಿಟ್ಟರು.

“ಕಥೆ ಎಂತ, ಹೇಳು ಮಾಣಿ.”

ಮಗ ಶುರುಮಾಡಿದ. ಶಿಲೀಂಧ್ರದ ರೋಗ ಬಂದು ಲೋಕ ಹಾಳಾಗಿದೆ. ಜೋಯಲ್ ಎಂಬವನಿಗೆ ಒಬ್ಬಳು ಮಗಳಿದ್ದಳು, ಮೊದಲ ರಾತ್ರಿಯೇ ಸತ್ತಳು. ಇಪ್ಪತ್ತು ವರ್ಷದ ಮೇಲೆ ಅವನಿಗೊಂದು ಕೆಲಸ ಬರುತ್ತದೆ. ರೋಗ ತಾಗಿದರೂ ಏನೂ ಆಗದ ಹದಿನಾಲ್ಕರ ಹುಡುಗಿಯೊಬ್ಬಳನ್ನು ದೇಶದ ಆಚೆ ತುದಿಯವರೆಗೆ ಮುಟ್ಟಿಸಬೇಕು.

“ಹುಡುಗಿಯ ಹೆಸರು?”

“ಎಲ್ಲಿ.”

“ಎಲ್ಲಿಯೋ ಇರಲಿ, ಹೆಸರು ಎಂತ?”

“ಹೆಸರೇ ಎಲ್ಲಿ, ಅಜ್ಜ. ಅವ ಎಲ್ಲಿಯನ್ನು ಕರಕೊಂಡು ಹೋಗ್ತಾನೆ.”

“ಎಲ್ಲಿಗೆ?”

“ಎಲ್ಲಿಗಲ್ಲ, ಎಲ್ಲಿಯನ್ನು!”

ಕಾಲು ಗಂಟೆ ಇದರಲ್ಲೇ ಹೋಯಿತು. ಕಡೆಗೆ ‘ಆ ಹುಡುಗಿ’ ಎಂದು ರಾಜಿಯಾಯಿತು. ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳುತ್ತಾರೆ, ಇವಳ ಮಿದುಳಿನಲ್ಲಿ ಬೆಳೆದಿರುವುದನ್ನು ತೆಗೆದರೆ ಲಸಿಕೆ ಆದೀತು, ಆದರೆ ಇವಳು ಉಳಿಯುವುದಿಲ್ಲ. ಅಷ್ಟರೊಳಗೆ ಜೋಯಲ್‌ಗೆ ಅವಳು ಮಗಳೇ ಆಗಿಹೋಗಿದ್ದಾಳೆ. ಅಡ್ಡ ಬಂದವರನ್ನೆಲ್ಲ ಕೊಂದು, ಪ್ರಜ್ಞೆಯಿಲ್ಲದ ಹುಡುಗಿಯನ್ನು ಎತ್ತಿಕೊಂಡು ಬರುತ್ತಾನೆ. ಎಚ್ಚರಾದ ಮೇಲೆ ಅವಳಿಗೆ, ನಿನ್ನ ಹಾಗಿನವರು ಎಷ್ಟೋ ಮಂದಿ ಇದ್ದಾರೆ, ಮದ್ದು ಆಗುವುದಿಲ್ಲ ಎಂದು ಅವರೇ ಕೈಬಿಟ್ಟರು ಎಂದು ಸುಳ್ಳು ಹೇಳುತ್ತಾನೆ.

ಅಪ್ಪಯ್ಯ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎರಡೇ ಪ್ರಶ್ನೆ. “ಆ ಹುಡುಗಿಯನ್ನು ಒಂದು ಮಾತು ಕೇಳಿದ್ದಾರೋ? ಡಾಕ್ಟರೂ ಕೇಳಲಿಲ್ಲ, ಇವನೂ ಕೇಳಲಿಲ್ಲ, ಅಲ್ವಾ? ಇನ್ನೊಂದು. ಮಾಡಿದ್ದು ಧರ್ಮವೇ ಆಗಿದ್ದರೆ ಸುಳ್ಳು ಎಂತಕ್ಕೆ?”

ಹುಡುಗರಿಬ್ಬರೂ ಬಾಯಿ ಬಿಟ್ಟರು. ಪ್ರಪಂಚದ ಆಟಗಾರರು ವರ್ಷಗಟ್ಟಲೆ ಕಿತ್ತಾಡಿ ಮುಟ್ಟಿದ ಜಾಗಕ್ಕೆ ಅಜ್ಜ ಅರ್ಧ ಗಂಟೆಯಲ್ಲಿ ಬಂದು ಕೂತಿದ್ದರು, ಗುಂಡಿ ಒತ್ತಲು ಬಾರದೆಯೂ.

ಈ ಜಗಳಗಂಟರಲ್ಲಿ ಎರಡು ಜಾತಿ ಎಂಬುದು ನಾನು ಮನೆಯಲ್ಲೇ ಕಂಡುಕೊಂಡ ಸತ್ಯ. ಒಂದು ಅರ್ಥಧಾರಿ ಜಾತಿ, ಇನ್ನೊಂದು ಶಾನುಭೋಗರದು. ಪಾತ್ರ ಹೀಗೇಕೆ ಮಾಡಿತು ಎಂಬುದು ಅರ್ಥಧಾರಿಯ ಚಿಂತೆ. ನನ್ನ ಮಗ ಆ ಪೈಕಿ. ತಂಗಿಯ ಮಗ ಶಾನುಭೋಗ. ಅವನಿಗೆ ಬೇಕಾದದ್ದು ಲೆಕ್ಕ. ಆವತ್ತು ಅವನು ತೆಗೆದ ದಾಖಲೆ ನೋಡಿ: ಮೊದಲ ಆಟದಲ್ಲಿ ಆ ಆಪರೇಷನ್ ಕೋಣೆ ಗಲೀಜಾಗಿತ್ತು. 2020ರಲ್ಲಿ ಬಂದ ಎರಡನೇ ಭಾಗದಲ್ಲಿ ಅದೇ ಕೋಣೆಯನ್ನು ಮತ್ತೆ ತೋರಿಸುವಾಗ ಚೊಕ್ಕಟವಾಗಿದೆ, ಗೋಡೆಯ ಬಣ್ಣವೂ ಬೇರೆ, ಡಾಕ್ಟರ ಮುಖವೂ ಬೇರೆ. ಎರಡನೇ ಭಾಗದಲ್ಲಿ ಜೋಯಲ್‌ನನ್ನು ಕೊಲ್ಲುವವಳು ಆ ಡಾಕ್ಟರ ಮಗಳು ಆ್ಯಬಿ. ಅರ್ಧ ಆಟವನ್ನು ಅವಳಾಗಿಯೇ ಆಡಬೇಕು. ಅವಳ ಅಪ್ಪ ಕೊಳಕು ಕೋಣೆಯಲ್ಲಿ ಕತ್ತಿ ಹಿಡಿದವನಾದರೆ ಕಣ್ಣೀರು ಬರುವುದು ಹೇಗೆ? ಅದಕ್ಕೇ ಸುಣ್ಣ ಬಳಿದರು ಎಂಬುದು ವಾದ.

“ಸಾಕ್ಷಿ ತಿದ್ದಿದ್ದಾರೆ” ಎಂದರು ಅಪ್ಪಯ್ಯ. ಅವರಿಗೆ ಭಾರಿ ಖುಷಿ.

ಈ ವಿಷಯದಲ್ಲಿ ನಾನೇನೂ ಹೆಬ್ಬೆಟ್ಟಲ್ಲ. ತೊಂಬತ್ತರ ದಶಕದಲ್ಲಿ, ಟಿವಿಗೆ ಸಿಕ್ಕಿಸುವ ಕ್ಯಾಸೆಟ್ಟಿನಲ್ಲಿ ಮಾರಿಯೋ ಆಡಿದ್ದೇನೆ. ಅದರ ಕಥೆಗೆ ವ್ಯಾಖ್ಯಾನ ಬೇಕಿರಲಿಲ್ಲ. ರಾಜಕುಮಾರಿಯನ್ನು ಬೌಸರ್ ಎಂಬ ರಾಕ್ಷಸ ಹೊತ್ತೊಯ್ದಿದ್ದಾನೆ, ನೀನು ಬಲಕ್ಕೆ ಓಡು. ಅಷ್ಟೇ. ಅವನು ಯಾಕೆ ಹೊತ್ತೊಯ್ದ, ರಾಜ್ಯಕ್ಕೆ ಮೀಸೆಯ ಪ್ಲಂಬರನನ್ನು ಬಿಟ್ಟರೆ ಸೈನ್ಯವೇ ಇಲ್ಲವೇ ಎಂದು ನಾವು ಕೇಳಲಿಲ್ಲ. ಕರೆಂಟು ಹೋಗುವುದರೊಳಗೆ ಕೋಟೆ ಮುಟ್ಟಿದರೆ ಸಾಕಿತ್ತು.

ಈಗ ಆ ಮನೆತನವೂ ಕೋರ್ಟು ಹತ್ತಿದ ಹಾಗಿದೆ. 1988ರ ಮೂರನೇ ಮಾರಿಯೋದಲ್ಲಿ ಏಳು ಮರಿ ರಾಕ್ಷಸರು ಬಂದರು. ಅವರು ಬೌಸರನ ಮಕ್ಕಳೆಂದು ಆಟದ ಇಂಗ್ಲಿಷ್ ಕೈಪಿಡಿಯೇ ಹೇಳಿತ್ತು. 2012ರಲ್ಲಿ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ, ಆ ಏಳು ಮಂದಿ ಬೌಸರನ ಮಕ್ಕಳಲ್ಲ, ಅವನಿಗಿರುವುದು ಬೌಸರ್ ಜೂನಿಯರ್ ಒಬ್ಬನೇ, ಅವನ ತಾಯಿ ಯಾರೆಂದು ಗೊತ್ತಿಲ್ಲ ಎಂದುಬಿಟ್ಟರು. ಅಪ್ಪನ ಕೋಟೆ ಕಾಯುತ್ತ, ಪ್ಲಂಬರನ ಕಾಲಲ್ಲಿ ತುಳಿಸಿಕೊಂಡು, ಇಪ್ಪತ್ನಾಲ್ಕು ವರ್ಷದ ಮೇಲೆ ನೀವು ನಮ್ಮವರಲ್ಲ ಅಂದರೆ? ನಮ್ಮೂರಲ್ಲಾದರೆ ಇಷ್ಟು ಹೊತ್ತಿಗೆ ಪಾಲಿನ ದಾವೆ ಬಿದ್ದು, ಮೂವರು ವಕೀಲರು ಮನೆ ಕಟ್ಟಿಸಿರುತ್ತಿದ್ದರು.

ಹೊತ್ತೊಯ್ದವನ ಜೊತೆಗೇ ಆ ರಾಜಕುಮಾರಿ ಭಾನುವಾರ ಕಾರ್ ರೇಸು, ಟೆನಿಸು ಆಡುವುದು ಹೇಗೆ ಎಂಬುದು ಶಾನುಭೋಗನ ಇನ್ನೊಂದು ತಕರಾರು. ಮಿಯಾಮೊಟೊ ಇದಕ್ಕೆ ಹಳೆಯ ಪೊಪಾಯ್ ಕಾರ್ಟೂನಿನ ಉದಾಹರಣೆ ಕೊಟ್ಟಿದ್ದಾರೆ: ಅದೇ ಬಳಗ, ಪ್ರತಿ ಸಲ ಬೇರೆ ಬೇರೆ ವೇಷ. ಅಪ್ಪಯ್ಯನಿಗೆ ಪೊಪಾಯ್ ಗೊತ್ತಿಲ್ಲ, ಆದರೆ ಉತ್ತರ ಅರ್ಥವಾಯಿತು. “ಮೇಳದ ಹಾಗೆ! ನಿನ್ನೆ ರಾತ್ರಿ ಕಂಸನಾಗಿ ಸತ್ತವ ಇವತ್ತು ಇನ್ನೊಂದು ಊರಲ್ಲಿ ಭೀಮನಾಗಿ ಕುಣೀತಾನೆ. ನಡುವೆ ಮಧ್ಯಾಹ್ನ ಕೃಷ್ಣನ ಪಕ್ಕದ ಎಲೆಯಲ್ಲಿ ಊಟ. ಅದಕ್ಕೆಂಥ ಕೇಳುದು ಮಾರಾಯ?”

ಶಾನುಭೋಗ ಬಿಡಲಿಲ್ಲ. 1997ರ ‘ಫೈನಲ್ ಫ್ಯಾಂಟಸಿ ಸೆವೆನ್’ ತೆಗೆದ. ಅದರಲ್ಲಿ ಏರಿತ್ ಎಂಬ ಹೂ ಮಾರುವ ಹುಡುಗಿಯನ್ನು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುವಾಗ, ಸೆಫಿರೋತ್ ಎಂಬವನು ಹಿಂದಿನಿಂದ ಇರಿಯುತ್ತಾನೆ. ಲೋಕದ ತುಂಬ ಹುಡುಗರು ಅತ್ತರು. ಅತ್ತಾದ ಮೇಲೆ ಜೋಳಿಗೆ ನೋಡಿಕೊಂಡರು. ಅದರಲ್ಲಿ ಫೀನಿಕ್ಸ್ ಹಕ್ಕಿಯ ಗರಿಗಳಿದ್ದವು. ಕಾಳಗದಲ್ಲಿ ಬಿದ್ದವರನ್ನು ಎಬ್ಬಿಸುವ ಮದ್ದು ಅದು. ಅಂಗಡಿಯಲ್ಲಿ ಕ್ರಯಕ್ಕೆ ಸಿಗುತ್ತದೆ. ಹಾಗಿದ್ದರೆ ಒಂದು ಗರಿ ಏರಿತ್‌ಗೆ ಯಾಕೆ ಹಾಕಲಿಲ್ಲ? ಕಾಳಗದಲ್ಲಿ ಬೀಳುವುದು ಮೂರ್ಛೆ ಮಾತ್ರ, ಸಾವಲ್ಲ ಎಂಬುದು ಭಕ್ತರ ಸಮಾಧಾನ. ಅವಳನ್ನು ಬದುಕಿಸುವ ಗುಟ್ಟಿನ ದಾರಿ ಇದೆಯಂತೆ ಎಂಬ ಸುದ್ದಿ ವರ್ಷಗಟ್ಟಲೆ ಹಬ್ಬಿತ್ತು. ಎಷ್ಟೋ ಜನ ಹುಡುಕಿ ಬೇಸಿಗೆ ರಜೆ ಕಳೆದರು.

ಇಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಅಮ್ಮ, ಕೈಗೆ ತೆಂಗಿನೆಣ್ಣೆ ತಿಕ್ಕಿ ಮೇಣ ಬಿಡಿಸಿಕೊಳ್ಳುತ್ತಲೇ ಹೇಳಿದಳು: “ಅದು ಬಿಡಿ. ಕುರುಕ್ಷೇತ್ರದಲ್ಲಿ ಅರ್ಜುನನ ಬಾವುಟದ ಮೇಲೆ ಹನುಮಂತ ಕೂತಿದ್ದನಲ್ಲ. ಅಭಿಮನ್ಯು ಬಿದ್ದಾಗ ಅವ ಯಾಕೆ ಸಂಜೀವಿನಿ ತರಲಿಲ್ಲ? ದಾರಿ ಗೊತ್ತಿತ್ತು, ಗುಡ್ಡವೂ ಗೊತ್ತಿತ್ತು.”

ಐವತ್ತು ವರ್ಷ ಅರ್ಥ ಹೇಳಿದ ಅಪ್ಪಯ್ಯ ಕೆಮ್ಮಿದರು. ಕೆಮ್ಮು ಸುಮಾರು ಹೊತ್ತು ನಡೆಯಿತು.

ನನಗೆ ಇಷ್ಟವಾದ ವ್ಯಾಜ್ಯ ಬೇರೆಯದು: ಜೆಲ್ಡಾದ್ದು. 1986ರಿಂದ ಆಟದ ಮೇಲೆ ಆಟ. ಬಹುಪಾಲು ಎಲ್ಲದರಲ್ಲೂ ಲಿಂಕ್ ಎಂಬ ಹುಡುಗ, ಜೆಲ್ಡಾ ಎಂಬ ರಾಜಕುಮಾರಿ, ಗ್ಯಾನನ್ ಎಂಬ ಖಳ. ಹೆಸರು ಒಂದೇ, ಆದರೆ ಎಷ್ಟೋ ಸಲ ಆಳುಗಳು ಬೇರೆ, ಕಾಲ ಬೇರೆ. ಜಯವಿಜಯರ ಮೂರು ಜನ್ಮ ಕೇಳಿ ಬೆಳೆದ ನಮಗೆ ಇದೇನೂ ಕಷ್ಟವಲ್ಲ. ಆದರೆ ಯಾವ ಜನ್ಮ ಮೊದಲು, ಯಾವುದು ಆಮೇಲೆ? ಅಭಿಮಾನಿಗಳು ಇಪ್ಪತ್ತೈದು ವರ್ಷ ಗುದ್ದಾಡಿದ ಮೇಲೆ, 2011ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ‘ಹೈರೂಲ್ ಹಿಸ್ಟೋರಿಯಾ’ ಎಂಬ ಪುಸ್ತಕ ಅಧಿಕೃತ ವಂಶಾವಳಿ ಕೊಟ್ಟಿತು. 1998ರ ‘ಒಕರಿನಾ ಆಫ್ ಟೈಮ್’ ಆಟದ ಕೊನೆಯಲ್ಲಿ ಕಾಲ ಮೂರು ಕವಲಾಯಿತಂತೆ. ನಾಯಕ ಬಾಲ್ಯಕ್ಕೆ ಹಿಂದಿರುಗಿದ ಕಾಲ ಒಂದು. ಅವನು ಬಿಟ್ಟುಹೋದ ಕಾಲ ಇನ್ನೊಂದು. ಮೂರನೆಯದು, ಅವನು ಸೋತ ಕಾಲ.

“ಸೋತರೆ ಆಟ ಮುಗಿಯಿತಲ್ಲ?” ಎಂದರು ಅಪ್ಪಯ್ಯ.

“ಇಲ್ಲ ಅಜ್ಜ. ಸೋತಲ್ಲಿಂದಲೇ ಬೇರೆ ಆಟಗಳು ಶುರು.”

“ಅಂದರೆ ದುರ್ಯೋಧನ ಗೆದ್ದ ಭಾರತ ಒಂದು ಬೇರೆಯೇ ಇದ್ದ ಹಾಗೆ…” ಅಪ್ಪಯ್ಯನ ಕಣ್ಣು ಹೊಳೆಯಿತು. ಆ ಪ್ರಸಂಗದಲ್ಲಿ ಕೌರವನ ಅರ್ಥ ತಮಗೇ ಬರಬೇಕೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಂತಿತ್ತು.

ಪುಸ್ತಕದಿಂದ ಜಗಳ ತಣ್ಣಗಾಯಿತೇ? ಒಂದು ಜಗಳ ಇದ್ದದ್ದು ಮೂರಾಯಿತು. 2017ರಲ್ಲಿ ‘ಬ್ರೆತ್ ಆಫ್ ದಿ ವೈಲ್ಡ್’ ಬಂತು. ಮರುವರ್ಷ ಕಂಪನಿಯವರು ಅದನ್ನು ಎಲ್ಲ ಕವಲುಗಳ ಆಚೆ, ಕಟ್ಟಕಡೆಗೆ ಇಟ್ಟರು. ಯಾವ ಕವಲಿನ ಕಡೆಗೆ ಎಂದು ಹೇಳಲಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಬಾವಿಯನ್ನು ಯಾರ ಹೆಸರಿಗೂ ಬರೆಯದೆ ಬಿಟ್ಟಂತೆ. ತಲೆಮಾರುಗಟ್ಟಲೆ ಮಾತಿಗೆ ಬರ ಇಲ್ಲ. ಇದರಲ್ಲಿ ಆ ಜಪಾನಿನವರ ಜಾಣತನ ಇದೆ ಎಂದೇ ನನ್ನ ಗುಮಾನಿ.

ಅಂಥ ಜಾಣತನ ಎಲ್ಲರಿಗೂ ಇರುವುದಿಲ್ಲ. 2012ರಲ್ಲಿ ‘ಮಾಸ್ ಎಫೆಕ್ಟ್’ ಮಾಲೆಯ ಮೂರನೇ ಆಟ ಬಂತು. 2007ರಿಂದ ನಾವು ಮಾಡಿದ ಒಂದೊಂದು ತೀರ್ಮಾನಕ್ಕೂ ಬೆಲೆಯಿದೆ ಎಂದು ನಂಬಿಸಿ, ಕೊನೆಗೆ ಮುಂದಿಟ್ಟದ್ದು ಕೆಂಪು, ನೀಲಿ, ಹಸಿರು ಎಂಬ ಮೂರು ಸ್ಫೋಟ ಎಂದು ಆಟಗಾರರು ಕೆಂಡವಾದರು. ಕೊನೆಯ ದೃಶ್ಯವೆಲ್ಲ ನಾಯಕನ ಭ್ರಮೆ ಎಂದು ಕೆಲವರು ಪುರಾವೆ ಸಮೇತ ಸಾಧಿಸಿದರು. ಇನ್ನು ಕೆಲವರು ದುಡ್ಡು ಕೂಡಿಸಿ, ಕೆನಡಾದಲ್ಲಿರುವ ಕಂಪನಿಗೆ 400ರಷ್ಟು ಕಪ್‌ಕೇಕ್ ಕಳಿಸಿದರು. ಮೇಲೆ ಅವೇ ಮೂರು ಬಣ್ಣ, ಒಳಗೆ ಒಂದೇ ರುಚಿ. ಆ ವರ್ಷ ಜೂನಿನಲ್ಲಿ ಕಂಪನಿ ಮುಕ್ತಾಯವನ್ನು ಉದ್ದ ಮಾಡಿ ಪುಕ್ಕಟೆ ಕೊಟ್ಟಿತು.

ಅಮ್ಮನಿಗೆ ಇದು ಅರ್ಥವಾಗಲೇ ಇಲ್ಲ. “ಸಿಟ್ಟು ಬಂದವರು ತಿಂಡಿ ಕಳಿಸ್ತಾರಾ?” ಎಂದಳು. ನಮ್ಮ ಮನೆಯಲ್ಲಿ ಸಿಟ್ಟು ಬಂದ ದಿನ ಸಾರಿಗೆ ಒಗ್ಗರಣೆಯೂ ಇರುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಪ್ಪಯ್ಯ ನನ್ನ ಮಗನನ್ನು ಹುಡುಕಿಕೊಂಡು ಬಂದರು. ರಾತ್ರಿ ನಿದ್ದೆ ಬಂದಿಲ್ಲವಂತೆ. ತಾನು ಡಾಕ್ಟರ ಪರ ವಾದಿಸಬೇಕು, ನೀನು ಜೋಯಲ್ ಆಗು ಎಂದರು. ನಿನ್ನೆ ಜೋಯಲ್ ಕಡೆಗೆ ವಾಲಿದ್ದಿರಲ್ಲ ಎಂದರೆ, “ನಿನ್ನೆ ನಿನ್ನೆಗಾಯಿತು. ವಾಲಿ ಮಾಡಿದವನಿಗೆ ರಾಮನನ್ನೂ ಮಾಡಲಿಕ್ಕೆ ಗೊತ್ತಿರಬೇಕು” ಎಂದು ಬಿಟ್ಟರು. ಹನ್ನೊಂದು ಗಂಟೆಗೆ ಶುರುವಾದದ್ದು ಊಟದ ಹೊತ್ತಿಗೆ ಮುಗಿಯಿತು. ಮಗ ಸೋತ. ಶಾನುಭೋಗ ನಡುವೆ ಗೋಡೆಯ ಬಣ್ಣ ತೆಗೆಯಲು ಹೋಗಿ ಬೈಸಿಕೊಂಡ.

ಊಟವಾದ ಮೇಲೆ ಎಲೆ ಹಾಕಿಕೊಳ್ಳುತ್ತ ಅಪ್ಪಯ್ಯ ಕೇಳಿದರು, “ಅವ ಸುಳ್ಳು ಹೇಳಿದ ಮೇಲೆ ಆ ಹುಡುಗಿ ಕಡೆಗೆ ಎಂತ ಹೇಳ್ತಾಳೆ?”

“ಓಕೆ ಅಂತಾಳೆ. ಅಷ್ಟೇ, ಆಟ ಮುಗೀತು.”

“ಅಂದರೆ, ಸರಿ?”

“ಹ್ಞೂಂ. ನಂಬಿ ಹೇಳಿದ್ದೋ, ನಂಬದೆ ಹೇಳಿದ್ದೋ ಅಂತ ಅದೊಂದೇ ಮಾತಿಗೆ ವರ್ಷಗಟ್ಟಲೆ ಜಗಳ ಆಗಿದೆ, ಅಜ್ಜ.”

ಅಪ್ಪಯ್ಯ ಮುಂಜಗಲಿಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದ “ಸರಿ” ಎಂದು ಕೇಳಿತು, ನಂಬಿದವಳ ದನಿಯಲ್ಲಿ. ತುಸು ತಡೆದು ಮತ್ತೊಂದು “ಸರಿ”, ಇದು ಎಲ್ಲ ಗೊತ್ತಿದ್ದವಳದು. ಆಮೇಲೆ ದಣಿದದ್ದೊಂದು, ಕ್ಷಮಿಸಿದ್ದೊಂದು, ಕ್ಷಮಿಸದ್ದೊಂದು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮ ಸೌಟು ಹಿಡಿದುಕೊಂಡೇ ಮುಂಜಗಲಿಗೆ ಬಂದಳು. ಮದುವೆಯಾಗಿ ಐವತ್ತಮೂರು ವರ್ಷದಲ್ಲಿ ಆ ಶಬ್ದ ಆ ಬಾಯಿಂದ ಅವಳು ಕೇಳಿದವಳಲ್ಲ.

“ಯಾವುದಕ್ಕೆ?” ಎಂದಳು.