ಗುಪ್ತಧನದ ಲಕ್ಷಣಗಳು

ರಾಜಭಂಡಾರದ ದ್ರವ್ಯವನ್ನು ಅಧಿಕಾರಿಗಳು ಅಪಹರಿಸುವ 40 ಉಪಾಯಗಳನ್ನು ಒಂದೊಂದಾಗಿ ಎಣಿಸಿಟ್ಟ ಕೌಟಿಲ್ಯನು, ಗೃಹಿಣಿಯು ದಿನಸಿಯ ದುಡ್ಡಿನಲ್ಲಿ ಉಳಿಸಿ ಬಚ್ಚಿಡುವ ಬಗೆಯನ್ನು ಕುರಿತು ಅರ್ಥಶಾಸ್ತ್ರದಲ್ಲಿ ಪ್ರತ್ಯೇಕ ಅಧ್ಯಾಯವನ್ನು ಬರೆಯದೆ ಹೋದದ್ದು ಅಜ್ಞಾನದಿಂದಲ್ಲ, ಕೇವಲ ವಿವೇಕದಿಂದಲೇ ಎಂದು ನನ್ನ ಭಾವನೆ. ಅಷ್ಟು ವಿವೇಕವಿಲ್ಲದ ನಾನು ಆ ಕೊರತೆಯನ್ನು ಯಥಾಶಕ್ತಿ ತುಂಬಲು ಹೊರಟಿದ್ದೇನೆ.

ಗುಪ್ತಧನವು ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಸಿಕ್ಕಿಬೀಳುತ್ತದೆ. ತಿಂಗಳ ಕೊನೆಯ ವಾರದಲ್ಲಿ, ಹಾಲಿನವನು ಬಾಗಿಲಿನಲ್ಲಿ ನಿಂತು ನಾನು ಬರಿಯ ಜೇಬುಗಳನ್ನು ತಡಕುತ್ತಿರುವ ಹೊತ್ತಿಗೆ, "ಇರಿ, ಎಲ್ಲೋ ಒಂದು ನೋಟು ಇದ್ದ ಹಾಗಿತ್ತು" ಎಂದು ಒಳಹೋದ ನನ್ನಾಕೆ ತಂದುಕೊಡುವ ನೂರರ ನೋಟು ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಯಲ್ಲಿ ಒಂದೆರಡು ಸಾಸಿವೆ ಕಾಳುಗಳನ್ನು ಕಚ್ಚಿಕೊಂಡು, ಗಾಂಧೀಜಿಯವರ ಕನ್ನಡಕದ ಮೇಲೆ ಅರಿಸಿನದ ಕಲೆಯನ್ನು ಧರಿಸಿ, ಘಮ್ಮೆಂದು ಇಂಗಿನ ವಾಸನೆಯನ್ನು ಸೂಸುತ್ತಿರುತ್ತದೆ. ರಿಸರ್ವ್ ಬ್ಯಾಂಕಿನವರು ನೋಟಿಗೆ ಒಗ್ಗರಣೆ ಹಾಕಿ ಕಳುಹಿಸುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಹುರುಳಿಕಾಯಿಯ ಬೆಲೆ ಸಂತೆಯಲ್ಲಿ ಒಂದಾಗಿ, ಮನೆಗೆ ಬರುವಷ್ಟರಲ್ಲಿ ಇನ್ನೊಂದಾಗುವುದೂ, ಹೊಸ ಪಾತ್ರೆಗಳೆಲ್ಲ ತವರಿನಿಂದಲೇ ಬರುವುದೂ ಉಪಲಕ್ಷಣಗಳು.

ಗಂಡಸರ ವಿಷಯದಲ್ಲಿ ಇಷ್ಟು ಸೂಕ್ಷ್ಮ ಪರೀಕ್ಷೆ ಬೇಕಿಲ್ಲ. ವರ್ಷವಿಡೀ ಧೂಳು ಕುಡಿದ ಪುಸ್ತಕದ ಬೀರುವನ್ನು ತಾನೇ ಒರೆಸುತ್ತೇನೆಂದು ಹಠ ಹಿಡಿಯುವವನು, ಅಂಗಿಯನ್ನು ಒಗೆಯಲು ಹಾಕುವ ಮುನ್ನ ಅಪೂರ್ವ ಶ್ರದ್ಧೆಯಿಂದ ಜೇಬನ್ನು ಶೋಧಿಸುವವನು, ಕೇಳದೆಯೇ ಮಲ್ಲಿಗೆಯ ದಂಡೆಯನ್ನು ತರುವವನು: ಇವರನ್ನು ಹಿಡಿಯಲು ಪತ್ತೇದಾರರು ಬೇಡ. ಬಚ್ಚಿಡುವ ಕಲೆಯಲ್ಲಿ ನಾವಿನ್ನೂ ಅಂಬೆಗಾಲಿನ ಶಿಶುಗಳು.

2016ರ ನವೆಂಬರ್ 8ರ ರಾತ್ರಿ 500 ಹಾಗೂ 1000 ರೂಪಾಯಿಯ ನೋಟುಗಳು ರದ್ದಾದಾಗ ಈ ಶಾಸ್ತ್ರಕ್ಕೆಲ್ಲ ಪ್ರತ್ಯಕ್ಷ ಪ್ರಮಾಣ ದೊರೆಯಿತು. ಸಾಸಿವೆಯ ಡಬ್ಬಿ, ಅಕ್ಕಿಯ ಡ್ರಮ್ಮು, ಟ್ರಂಕಿನ ತಳದ ಹಳೆಯ ಪತ್ರಿಕೆ, ರೇಷ್ಮೆ ಸೀರೆಯ ಮಡಿಕೆಗಳಿಂದ ಹೊರಬಂದ ಲಕ್ಷ್ಮಿಯನ್ನು ಕಂಡು ಬೆಪ್ಪಾದ ಗಂಡಂದಿರಲ್ಲಿ ನಾನೂ ಒಬ್ಬ. ಗೃಹಿಣಿಯರು ತುಂಬುವ ಎರಡೂವರೆ ಲಕ್ಷದವರೆಗಿನ ಠೇವಣಿಯನ್ನು ವಿಚಾರಿಸುವುದಿಲ್ಲವೆಂದು ಸರ್ಕಾರವೇ ಅಭಯವಿತ್ತ ಮೇಲೆ, ವಿಚಾರಿಸಲು ನಾನೆಷ್ಟರವನು?

ಧರ್ಮಶಾಸ್ತ್ರವೂ ಅವರ ಪಕ್ಷದಲ್ಲಿಯೇ ಇದೆ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ನಮ್ಮ ವಿಜ್ಞಾನೇಶ್ವರನು ಸ್ತ್ರೀಧನದ ವ್ಯಾಪ್ತಿಯನ್ನು ಉದಾರವಾಗಿ ಹಿಗ್ಗಿಸಿ, ಹೆಣ್ಣಿಗೆ ತಾನಾಗಿ ದೊರೆತದ್ದನ್ನೂ ಅದರೊಳಗೆ ಸೇರಿಸಿದನು; ಅಂಗಿ ಒಗೆಯುವಾಗ ಜೇಬಿನಲ್ಲಿ ದೊರೆತದ್ದೂ ಅದರಲ್ಲಿ ಬರುವುದೆಂದು ನನ್ನಾಕೆಯ ವ್ಯಾಖ್ಯಾನ. ಗಂಡನಿಗೆ ಇರುವ ಆಸರೆ ಯಾಜ್ಞವಲ್ಕ್ಯನದೊಂದೇ: ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಸೆರೆ, ಈ ನಾಲ್ಕು ಸಂದರ್ಭಗಳಲ್ಲಿ ಹೆಂಡತಿಯ ಧನವನ್ನು ತೆಗೆದುಕೊಂಡವನು ಹಿಂದಿರುಗಿಸಬೇಕಾಗಿಲ್ಲವೆಂದು ಆತನ ಮತ. ತಿಂಗಳ ಕೊನೆಯ ವಾರವು ದುರ್ಭಿಕ್ಷವೇ ಎಂದು ನಾನು ಸಪ್ರಮಾಣವಾಗಿ ವಾದಿಸಿ ನೋಡಿದ್ದೇನೆ. ಯಾಜ್ಞವಲ್ಕ್ಯನು ವಿನಾಯಿತಿ ಕೊಟ್ಟಿರಬಹುದು. ನಮ್ಮ ಮನೆಯಲ್ಲಿ ಒಂದನೆಯ ತಾರೀಖಿಗೆ ಬಡ್ಡಿಸಹಿತ ವಸೂಲಾಗುತ್ತದೆ.