ಅವಾರ್ಡ್ ಮಾಸ್ತರ

ಯಾವ ಸಿನಿಮಾಕ್ಕೆ ಪ್ರಶಸ್ತಿ ಬರುತ್ತದೆ, ಯಾಕೆ ಬರುತ್ತದೆ, ಬರದಿದ್ದರೆ ಯಾರು ತಪ್ಪಿಸಿದರು ಎಂಬ ಮೂರನ್ನೂ ಫಲಿತಾಂಶಕ್ಕೆ ಮೊದಲೇ ಹೇಳಬಲ್ಲವನೇ ಅವಾರ್ಡ್ ಮಾಸ್ತರ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ಊರಿಗೆ ಒಬ್ಬಿಬ್ಬರು ಸಿಗುತ್ತಾರೆ, ಗಂಗಾವತಿಯಲ್ಲಿ ಓಣಿಗೊಬ್ಬ. ಹೆಸರಿನಲ್ಲಿ ಮಾಸ್ತರ ಎಂದಿದ್ದರೂ ಸಾಲಿಯಲ್ಲಿ ಕಲಿಸುವವನೇ ಆಗಿರಬೇಕೆಂದಿಲ್ಲ. ವಿಮಾ ಏಜೆಂಟ್, ಝೆರಾಕ್ಸ್ ಅಂಗಡಿಯವ, ರೈಸ್ ಮಿಲ್ಲಿನ ಗುಮಾಸ್ತ, ನಿವೃತ್ತ ಕಂಡಕ್ಟರ್, ಎಲ್ಲರಲ್ಲೂ ಈ ಜಾತಿಯುಂಟು. ವಯಸ್ಸು ನಲವತ್ತೈದು ದಾಟಿರುತ್ತದೆ. ಚುನಾವಣೆಯ ವರ್ಷ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಲೀಡ್ ಎಂದು ಹೇಳುವವನೂ ಇವನೇ. ಚುನಾವಣೆ ಇಲ್ಲದ ವರ್ಷ ಕೈ ಖಾಲಿ ಇರಬಾರದೆಂದು ಸಿನಿಮಾದ ಕಡೆ ಹೊರಳುತ್ತಾನೆ.

ಇವನ ಮುಖ್ಯ ಲಕ್ಷಣ, ಸಿನಿಮಾ ನೋಡಿರುವುದಿಲ್ಲ. ಇದನ್ನು ದೋಷವೆಂದು ತಿಳಿಯುವುದು ತಪ್ಪು. ಪ್ರಶಸ್ತಿಗೆ ಹೋಗುವ ಚಿತ್ರ ತುಂಗಭದ್ರೆ ದಾಟಿ ಈ ಕಡೆ ಬರುವುದೇ ಅಪರೂಪ. ಬಂದರೂ ಶುಕ್ರವಾರ ಬಂದದ್ದು ಸೋಮವಾರ ಇರುವುದಿಲ್ಲ. ಹೀಗಾಗಿ ನೋಡದೆ ನಿರ್ಣಯಿಸುವುದು ಇಲ್ಲಿ ಸೋಮಾರಿತನವಲ್ಲ, ಅನಿವಾರ್ಯವಾಗಿ ಬೆಳೆದ ವಿದ್ಯೆ. ಗಂಗಾವತಿಯ ದಲಾಲಿ ಚೀಲಕ್ಕೆ ಚುಚ್ಚಿ ತೆಗೆದ ಒಂದು ಹಿಡಿ ಭತ್ತದಲ್ಲಿ ಇಡೀ ಲಾರಿಯ ದರ ಹೇಳುವಂತೆ ಮಾಸ್ತರ ಎರಡು ನಿಮಿಷದ ಟ್ರೇಲರಿನಲ್ಲಿ ಇಡೀ ಚಿತ್ರದ ಹಣೆಬರಹ ಹೇಳುತ್ತಾನೆ. ದಲಾಲಿಯ ಲೆಕ್ಕ ಬಹಳ ಸಲ ಸರಿ ಇರುತ್ತದೆ ಎಂಬಷ್ಟೇ ವ್ಯತ್ಯಾಸ.

ನೋಡದವರ ಈ ಶಾಸ್ತ್ರಕ್ಕೆ ರಾಷ್ಟ್ರಪ್ರಶಸ್ತಿಯ ನಿಯಮವೇ ಒಂದು ಆಧಾರ ಒದಗಿಸಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಚಿತ್ರ ಬಿಡುಗಡೆಯಾದ ದಿನವಲ್ಲ, ಸೆನ್ಸಾರ್ ಪ್ರಮಾಣಪತ್ರದ ದಿನ. ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಘೋಷಣೆಯಾದದ್ದು 2015ರ ಮಾರ್ಚಿನಲ್ಲಿ. ಚಿತ್ರ ತೆರೆಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಪ್ರಶಸ್ತಿ ಬಂದ ಮೇಲೆ ಟಿಕೆಟ್ ಮಾರಿದ ಈ ಪ್ರಸಂಗವನ್ನು ಮಾಸ್ತರ ಇಂದಿಗೂ ಬಿಟ್ಟುಕೊಡುವುದಿಲ್ಲ. “ಸಿನಿಮಾ ನೋಡೀರೇನ್ರಿ?” ಎಂದು ಯಾರಾದರೂ ಕೇಳಿದರೆ, “ಅವಾರ್ಡ್ ಕೊಡೂತನಕ ಯಾರ್ ನೋಡಿದ್ರ್ಯೋ ತಮ್ಮಾ ಅದನ್ನ?” ಎಂದು ತಿರುಗಿ ಕೇಳುತ್ತಾನೆ. ತೀರ್ಪುಗಾರರು ನೋಡಿದ್ದರು ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯುವುದಿಲ್ಲ.

ಮಾಸ್ತರನ ಪಂಚಾಂಗ ಬೇಸಗೆ, ಮಳೆಗಾಲಗಳಿಗೆ ಹೊಂದುವುದಿಲ್ಲ. ಆಸ್ಕರ್ ಹಂಗಾಮು ಜನವರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯ ಆಸುಪಾಸಿನಲ್ಲಿ ಶುರುವಾಗಿ ಮಾರ್ಚಿಗೆ ಮುಗಿಯುತ್ತದೆ. ರಾಷ್ಟ್ರಪ್ರಶಸ್ತಿ ಇತ್ತೀಚೆಗೆ ಆಗಸ್ಟಿನ ಕಡೆ ಜಾರಿದೆ: 2022ನೇ ಸಾಲಿನದು 2024ರ ಆಗಸ್ಟಿನಲ್ಲಿ, 2023ರದು 2025ರ ಆಗಸ್ಟಿನಲ್ಲಿ ಬಂತು. ರಾಜ್ಯ ಪ್ರಶಸ್ತಿಗೆ ತಿಂಗಳೇ ಇಲ್ಲ. ಬಂದಾಗ ಬಂತು.

ಲೆಕ್ಕ ಹಾಕುವ ಕ್ರಮದಲ್ಲಿ ಹಳೆಯದು ‘ಸಂಕಟ ಸೂತ್ರ’. ರಾಷ್ಟ್ರಪ್ರಶಸ್ತಿಯಲ್ಲಿ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಕನ್ನಡಕ್ಕೆ ಆರು ಸಲ ಬಂದಿದೆ: ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿಸಾಹೇಬ, ದ್ವೀಪ. ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿ ಅವರವು. ಮಾಸ್ತರ ಈ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪಿಸಬಲ್ಲ. ಅದರಿಂದ ಅವನು ತೆಗೆದ ಸಾರ ಇಷ್ಟು: ಒಂದರಲ್ಲಿ ಹೆಣ ಎತ್ತುವವರಿಲ್ಲ, ಒಂದರಲ್ಲಿ ಭೂಮಿ ಸಿಗುವುದಿಲ್ಲ, ಒಂದರಲ್ಲಿ ಬದುಕಿದ್ದವಳಿಗೇ ಶ್ರಾದ್ಧ, ಒಂದರಲ್ಲಿ ಪಿಂಚಣಿ ಬರುವುದಿಲ್ಲ, ಒಂದರಲ್ಲಿ ಮನೆ ಮುಳುಗುತ್ತದೆ. ಆದ್ದರಿಂದ ಸಂಕಟ ಬೇಕು, ಅದು ಕಥೆ ಕಾದಂಬರಿಯಿಂದ ಬಂದಿರಬೇಕು, ಹಾಡಿರಬಾರದು. ತಾಯಿಸಾಹೇಬದ ಕುರಿತು ಕೇಳಿದರೆ ಮಾತ್ರ ಸ್ವಲ್ಪ ತಡವರಿಸಿ ಚಹಾ ತರಿಸುತ್ತಾನೆ. ನೋಡಿರುವುದಿಲ್ಲ.

ಸಂಕಟ ಸೂತ್ರ ಹಲವು ವರ್ಷ ಚೆನ್ನಾಗಿಯೇ ನಡೆಯಿತು. ಚೋಮನಾಗಿ ಎಂ.ವಿ. ವಾಸುದೇವರಾವ್, ತಬರನಾಗಿ ಚಾರುಹಾಸನ್, ‘ಹಸೀನಾ’ದಲ್ಲಿ ತಾರಾ, ‘ಗುಲಾಬಿ ಟಾಕೀಸ್’ನಲ್ಲಿ ಉಮಾಶ್ರೀ, ಎಲ್ಲರೂ ಸೂತ್ರದೊಳಗೇ ಕುಳಿತುಕೊಂಡರು. 2015ನೇ ಸಾಲಿನಲ್ಲಿ ‘ಬಾಹುಬಲಿ’ಗೆ ಶ್ರೇಷ್ಠ ಚಿತ್ರ ಪ್ರಶಸ್ತಿ ಬಂದಾಗ ಅದಕ್ಕೆ ಮೊದಲ ಪೆಟ್ಟು. ಅಲ್ಲಿ ಸಂಕಟವಿದ್ದದ್ದು ಗ್ರಾಫಿಕ್ಸ್ ಮಾಡಿದವರಿಗೆ ಮಾತ್ರ. ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಶ್ರೇಷ್ಠ ನಟರಾದಾಗ ಎರಡನೆಯ ಪೆಟ್ಟು. ಕಾದಂಬರಿ ಇಲ್ಲ, ಹಾಡು ಉಂಟು, ಅದೂ ಊರೂರಿನ ಮೈಕಿನಲ್ಲಿ ಕೇಳಿದ ಹಾಡು. ಮಾಸ್ತರ ಸೂತ್ರ ಕೈಬಿಡಲಿಲ್ಲ, ತಿದ್ದಿದ. “ಮೊದ್ಲ ಅಳೂದಕ್ಕ ಕೊಡ್ತಿದ್ರು, ಈಗ ಕೂಗೂದಕ್ಕ ಕೊಡ್ತಾರ.” ಇದು ಈಗಿನ ಪರಿಷ್ಕೃತ ರೂಪ.

ಇನ್ನೊಂದು ಕ್ರಮ ಅಂತರದ ಲೆಕ್ಕ. ಕನ್ನಡ ಚಿತ್ರದ ನಟನಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದದ್ದು 1975, 1986, 2014, 2022ರ ಸಾಲುಗಳಲ್ಲಿ. ನಡುವಿನ ಅಂತರ 11, 28, 8. ಈ ಮೂರು ಅಂಕಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ, ಮಾಸ್ತರನಿಗೆ ಬಿಟ್ಟು. ಶ್ರೇಷ್ಠ ಚಿತ್ರದ ಸ್ವರ್ಣಕಮಲದ ಲೆಕ್ಕವೂ ಹೀಗೆಯೇ. 2001ನೇ ಸಾಲಿನ ದ್ವೀಪದ ನಂತರ ಅದು ಕನ್ನಡದ ಕಡೆ ತಿರುಗಿ ನೋಡಿಲ್ಲ. ಅಂತರ ತೀರಾ ದೊಡ್ಡದಾಗಿ ಕಂಡಾಗ 2011ನೇ ಸಾಲಿನಲ್ಲಿ ಮರಾಠಿಯ ‘ದೇವೂಳ್’ ಜೊತೆ ಪ್ರಶಸ್ತಿ ಹಂಚಿಕೊಂಡ ‘ಬ್ಯಾರಿ’ ಚಿತ್ರವನ್ನು ನಮ್ಮದೇ ಎಂದು ಸೇರಿಸಿಕೊಳ್ಳುತ್ತಾನೆ. ಬ್ಯಾರಿ ಭಾಷೆ ಕರಾವಳಿಯದೇ ಆದ್ದರಿಂದ ಇದನ್ನು ಪೂರಾ ಸುಳ್ಳೆನ್ನುವಂತೆಯೂ ಇಲ್ಲ.

ಪ್ರಚಾರದ ವಿಷಯಕ್ಕೆ ಬಂದರೆ ಮಾಸ್ತರನ ನಿಜವಾದ ಸಾಮರ್ಥ್ಯ ಗೊತ್ತಾಗುತ್ತದೆ. ಆಸ್ಕರ್ ಪ್ರಶಸ್ತಿಗೆ ಮತದಾರರಿದ್ದಾರೆ, ಸುಮಾರು ಹತ್ತು ಸಾವಿರ. ಅವರನ್ನು ಒಲಿಸಲು ಸ್ಟುಡಿಯೋಗಳು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಡುತ್ತವೆ, ವಿಶೇಷ ಪ್ರದರ್ಶನ ಇಡುತ್ತವೆ, ನಟರನ್ನು ಊರೂರು ತಿರುಗಿಸುತ್ತವೆ. ಊಟ, ಉಡುಗೊರೆಗಳಿಗೆ ಕಡಿವಾಣ ಹಾಕಲು ಅಕಾಡೆಮಿ ನೀತಿಸಂಹಿತೆಯನ್ನೇ ಬರೆದಿದೆ. ಇದನ್ನೆಲ್ಲ ಬೇರೆ ಊರಿನ ಸಿನಿಮಾ ಪಂಡಿತರು ಓದಿ ತಿಳಿಯಬೇಕು. ಕೊಪ್ಪಳದವನಿಗೆ ಹೇಳಿಕೊಡುವುದೇ ಬೇಡ. “ಹತ್ತ್ ಸಾವಿರ ಓಟಂದ್ರ ನಮ್ಮ ಒಂದ್ ಜಿಲ್ಲಾ ಪಂಚಾಯ್ತಿ ಸೀಟಿಗೂ ಸಾಲಂಗಿಲ್ರಿ. ಅಷ್ಟಕ್ಕ ಇಷ್ಟ್ ಖರ್ಚ ಮಾಡ್ತಾರ?” ಎಂದು ಕನಿಕರಪಡುತ್ತಾನೆ. 1999ರಲ್ಲಿ ‘ಸೇವಿಂಗ್ ಪ್ರೈವೇಟ್ ರಯಾನ್’ ಗೆಲ್ಲುತ್ತದೆಂದು ಎಲ್ಲರೂ ನಂಬಿದ್ದಾಗ ಜೋರು ಪ್ರಚಾರದ ಬಲದಿಂದ ‘ಶೇಕ್ಸ್‌ಪಿಯರ್ ಇನ್ ಲವ್’ ಶ್ರೇಷ್ಠ ಚಿತ್ರವಾದ ಕಥೆಯನ್ನು ಹೇಳಿದರೆ, ಕೊನೆಯ ಎರಡು ರಾತ್ರಿಗಳಲ್ಲಿ ಏನು ನಡೆದಿರಬೇಕೆಂದು ಅವನೇ ವಿವರಿಸುತ್ತಾನೆ.

ಶ್ರೇಷ್ಠ ಚಿತ್ರಕ್ಕೆ ಆಸ್ಕರ್ ಮತದಾರರು ಒಂದೇ ಗುರುತು ಹಾಕುವುದಿಲ್ಲ. ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಕಡಿಮೆ ಮತದ ಚಿತ್ರವನ್ನು ತೆಗೆದುಹಾಕಿ ಅದರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ಹಂಚುತ್ತ ಹೋಗುತ್ತಾರೆ. ಅನೇಕ ಇಂಗ್ಲಿಷ್ ಪತ್ರಕರ್ತರಿಗೂ ಇದನ್ನು ಬಿಡಿಸಿ ಹೇಳುವುದು ಕಷ್ಟ. ಈಶಾನ್ಯ ಪದವೀಧರ ಕ್ಷೇತ್ರದ ವಿಧಾನ ಪರಿಷತ್ ಚುನಾವಣೆಯಲ್ಲಿ ಮತ ಹಾಕಿದ ಕೊಪ್ಪಳದ ಮಾಸ್ತರನಿಗೆ ಇದು ನೀರು ಕುಡಿದಷ್ಟು ಸುಲಭ. ಎರಡನೇ ಪ್ರಾಶಸ್ತ್ಯದ ಮತದಲ್ಲಿ ಗೆದ್ದವರನ್ನು ಕಂಡವನು ಅವನು. “ಭಾಳ ಮಂದಿಗೆ ಬ್ಯಾಡಾಗಿದ್ದು ಗೆಲ್ಲಂಗಿಲ್ಲ, ಯಾರಿಗೂ ಬ್ಯಾಸರಿಲ್ಲದ್ದು ಗೆಲ್ತತಿ” ಎಂಬ ಅವನ ಮಾತು ಈ ಪದ್ಧತಿಗೆ ಯಾವ ಪುಸ್ತಕದಲ್ಲೂ ಇಲ್ಲದಷ್ಟು ಚಿಕ್ಕ, ಸರಿಯಾದ ವ್ಯಾಖ್ಯಾನ.

ತೊಂದರೆ ಬರುವುದು ಇದೇ ವಿದ್ಯೆಯನ್ನು ದಿಲ್ಲಿಗೆ ಒಯ್ದಾಗ. ರಾಷ್ಟ್ರಪ್ರಶಸ್ತಿಯಲ್ಲಿ ಮತ ಕೇಳಲು ಮತದಾರರೇ ಇಲ್ಲ. ಪ್ರಾದೇಶಿಕ ಸಮಿತಿಗಳು ಮೊದಲು ನೋಡಿ ಸೋಸುತ್ತವೆ, ಉಳಿದದ್ದನ್ನು ಕೇಂದ್ರ ಸಮಿತಿ ಬಾಗಿಲು ಮುಚ್ಚಿಕೊಂಡು ನೋಡುತ್ತದೆ. ಕ್ಯಾನ್ವಾಸ್ ಇಲ್ಲದೆ ಗೆಲ್ಲುವುದೆಂದರೆ ಮಾಸ್ತರನಿಗೆ ಅರ್ಥವಾಗದ ಸಂಗತಿ. ಹಾಗಾಗಿ ಇಲ್ಲದ ಪ್ರಚಾರವನ್ನು ಹುಡುಕುತ್ತಾನೆ. ಅಧ್ಯಕ್ಷರು ಯಾವ ರಾಜ್ಯದವರು, ನಿರ್ಮಾಪಕ ಯಾರ ಅಳಿಯ, ಹೋದ ತಿಂಗಳು ಯಾರು ಯಾರಿಗೆ ಶಾಲು ಹೊದಿಸಿದರು, ಇವೇ ಸಾಕ್ಷ್ಯ. ತಬರನ ಪಾತ್ರಕ್ಕೆ ತಮಿಳಿನ ಚಾರುಹಾಸನ್ ಗೆದ್ದದ್ದನ್ನು ಅವರ ತಮ್ಮ ಕಮಲ್ ಹಾಸನ್ ಲೆಕ್ಕಕ್ಕೆ ಹಚ್ಚುತ್ತಾನೆ. ಚಾರುಹಾಸನ್ ಅಭಿನಯ ಚೆನ್ನಾಗಿದ್ದಿರಬಹುದಲ್ಲ ಎಂದರೆ, ಅದೂ ಒಂದು ಕಾರಣ ಎಂದು ಒಪ್ಪುತ್ತಾನೆ. ಕೊನೆಯ ಕಾರಣ.

ನಾಲ್ಕು ಊರಿನ ಮಾಸ್ತರರ ರೀತಿ ಒಂದೇ ಅಲ್ಲ. ಜಿಲ್ಲಾ ಕೇಂದ್ರ ಕೊಪ್ಪಳದವನಿಗೆ ಸದಾ ಬೆಂಗಳೂರಿನಿಂದ ಫೋನ್ ಬಂದಿರುತ್ತದೆ, ಯಾರದೆಂದು ಹೇಳುವಂತಿಲ್ಲ. ಗಂಗಾವತಿಯವನು ಎಲ್ಲವನ್ನೂ ಕೋಟಿಯಲ್ಲಿ ಅಳೆಯುತ್ತಾನೆ. ಕಲೆಕ್ಷನ್ ಇಲ್ಲದ ಚಿತ್ರಕ್ಕೆ ಪ್ರಶಸ್ತಿ ಕೊಡುವುದನ್ನು ಸಬ್ಸಿಡಿಯ ಇನ್ನೊಂದು ರೂಪ ಎಂದು ತಿಳಿದಿದ್ದಾನೆ. ಒಗ್ಗರಣಿ ಮಿರ್ಚಿ ತಿನ್ನುವಷ್ಟರಲ್ಲಿ ಪಂಥ ಕಟ್ಟುವವನೂ ಇವನೇ. ಕುಷ್ಟಗಿಯವನು ಸಂಶಯಿ, ಅವನ ಬಗ್ಗೆ ಮುಂದೆ ಬರುತ್ತದೆ. ಯಲಬುರ್ಗಾದವನು ಮಳೆ ನಂಬಿ ಹಿಂಗಾರಿ ಕಡಲೆ ಬಿತ್ತುವ ಸೀಮೆಯವನಾದ್ದರಿಂದ ಮೊದಲೇ ಏನೂ ಹೇಳುವುದಿಲ್ಲ. ಫಲಿತಾಂಶ ಬಂದ ಮೇಲೆ “ನಾ ಇದನ್ನ ಅಂದ್ಕೊಂಡಿದ್ದೆ” ಎನ್ನುತ್ತಾನೆ. ನಾಲ್ವರಲ್ಲಿ ತಪ್ಪದೆ ಸರಿಯಾಗುವವನು ಅವನೊಬ್ಬನೇ.

ಈ ವರ್ಗದ ಇತಿಹಾಸದಲ್ಲಿ ಅತ್ಯಂತ ಸಡಗರದ ಕಾಲ 2023ರ ಜನವರಿ. ಆಸ್ಕರ್ ಅಕಾಡೆಮಿ 301 ಚಿತ್ರಗಳ ಪಟ್ಟಿ ಹೊರಡಿಸಿತು, ಅದರಲ್ಲಿ ‘ಕಾಂತಾರ’ವೂ ‘ವಿಕ್ರಾಂತ್ ರೋಣ’ವೂ ಇದ್ದವು. ಅದು ಅರ್ಹತಾ ಪಟ್ಟಿ ಮಾತ್ರ. ಅಮೆರಿಕದ ನಿಗದಿತ ನಗರಗಳಲ್ಲೊಂದರ ಚಿತ್ರಮಂದಿರದಲ್ಲಿ ಏಳು ದಿನ ಓಡಿ, ಅರ್ಜಿ ತುಂಬಿದ ಚಿತ್ರಗಳು ಅಲ್ಲಿ ಸೇರುತ್ತವೆ. ನಾಮನಿರ್ದೇಶನದ ಹೆಜ್ಜೆ ಬೇರೆ, ಬಹಳ ದೂರದ್ದು. ಮಾಸ್ತರರಿಗೆ ಈ ವಿವರ ಬೇಡವಾಗಿತ್ತು. ಕಟ್ಟೆ ಕಟ್ಟೆಯಲ್ಲಿ ಸಿಹಿ ಹಂಚುವ ಮಾತಾಯಿತು. ಕುಷ್ಟಗಿ ಬಸ್‌ಸ್ಟ್ಯಾಂಡಿನ ಸಂಶಯಿಯೇ ಮಾತಿಗೆ ತಡೆ ಹಾಕಿದವನು: “ಲಿಸ್ಟಿನ್ಯಾಗ ಹೆಸರ ಬರೂದು ಏನ್ ದೊಡ್ಡದ್ರಿ? ಸರಕಾರಿ ಮನಿ ಲಿಸ್ಟಿನ್ಯಾಗ ನಮ್ಮಪ್ಪನ ಹೆಸರೂ ಬಂದಿತ್ತು.” ಜನವರಿ 24ರಂದು ನಾಮನಿರ್ದೇಶನ ಹೊರಬಿದ್ದಾಗ ಎರಡೂ ಹೆಸರುಗಳಿರಲಿಲ್ಲ. ಅವನಿಗೆ ಆ ದಿನದ ಚಹಾ ಪುಕ್ಕಟೆ.

ಅದೇ ವರ್ಷ ‘ಆರ್‌ಆರ್‌ಆರ್’ ಮಾಸ್ತರರನ್ನು ಇನ್ನಷ್ಟು ಕಂಗೆಡಿಸಿತು. ಭಾರತದ ಅಧಿಕೃತ ಆಯ್ಕೆ ಗುಜರಾತಿಯ ‘ಛೆಲ್ಲೋ ಶೋ’. ಆರ್‌ಆರ್‌ಆರ್ ತಂಡ ಪಕ್ಷದ ಟಿಕೆಟ್ ಸಿಗದೆ ಪಕ್ಷೇತರವಾಗಿ ನಿಂತು, ಅಮೆರಿಕದಲ್ಲಿ ಮತ್ತೆ ಪ್ರದರ್ಶನ ಏರ್ಪಡಿಸಿ, ಪ್ರಚಾರ ಮಾಡಿ, ‘ನಾಟು ನಾಟು’ ಹಾಡಿಗೆ ಆಸ್ಕರ್ ಗೆದ್ದಿತು. ಪಕ್ಷೇತರರು ಗೆದ್ದ ಕಥೆ ಈ ಸೀಮೆಗೆ ಹೊಸದಲ್ಲ, ಆದರೆ ಹಾಡಿಗೆ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಅಧಿಕೃತ ಆಯ್ಕೆಯಾಗಿ ಕನ್ನಡ ಚಿತ್ರವೊಂದೂ ಇದುವರೆಗೆ ಹೋಗಿಲ್ಲ ಎಂಬುದು ಮಾತ್ರ ನಾಲ್ಕೂ ಊರಿನವರು ಜಗಳವಿಲ್ಲದೆ ಒಪ್ಪುವ ದುಃಖ. ಆಸ್ಕರ್ ಸಮಾರಂಭ ನಮ್ಮಲ್ಲಿ ಸೋಮವಾರ ನಸುಕಿನಲ್ಲಿ ಪ್ರಸಾರವಾಗುತ್ತದೆ. ಅದೇ ಹೊತ್ತಿಗೆ ನಳದ ನೀರೂ ಬರಬಹುದು. ಹಾಗೆ ಬಂದ ದಿನ ಶ್ರೇಷ್ಠ ಚಿತ್ರ ಯಾವುದೆಂದು ಮಾಸ್ತರನಿಗೆ ಗೊತ್ತಾಗುವುದು ಕೊಡ, ಬ್ಯಾರಲ್ ತುಂಬಿದ ನಂತರ.

ಸೋತ ಲೆಕ್ಕದ ವಿಲೇವಾರಿಗೆ ಮೂರು ಮಾತು ಸಾಕು: ಜ್ಯೂರಿಯಲ್ಲಿ ನಮ್ಮವರಿರಲಿಲ್ಲ, ಲಾಬಿ ನಡೆಯಿತು, ಮುಂದಿನ ಸಲ ಖಂಡಿತ. ರಾಜ್ಯ ಪ್ರಶಸ್ತಿಯ ವಿಷಯದಲ್ಲಿ ಅವೂ ಬೇಕಾಗುವುದಿಲ್ಲ. 1966-67ರ ಸಾಲಿನಿಂದ ನಡೆದುಬಂದ ಈ ಪ್ರಶಸ್ತಿ ಈಚೆಗೆ ಎಷ್ಟು ತಡವಾಗುತ್ತಿದೆಯೆಂದರೆ 2019ನೇ ಸಾಲಿನದು ಘೋಷಣೆಯಾದದ್ದು 2025ರ ಜನವರಿಯಲ್ಲಿ. ‘ಪೈಲ್ವಾನ್’ ಚಿತ್ರಕ್ಕೆ ಶ್ರೇಷ್ಠ ನಟರೆಂದು ಸುದೀಪ್ ಅವರ ಹೆಸರು ಬಂತು. ಪ್ರಶಸ್ತಿ ಸ್ವೀಕರಿಸುವುದನ್ನು ನಿಲ್ಲಿಸಿ ಹಲವು ವರ್ಷಗಳಾದವೆಂದು ಅವರು ವಿನಯದಿಂದಲೇ ಬೇಡವೆಂದರು. ಗಂಗಾವತಿಯಲ್ಲಿ ಅದರ ಮೇಲೆ ಕಟ್ಟಿದ್ದ ಪಂಥಗಳ ಗತಿ ಏನು ಎಂಬ ಪ್ರಶ್ನೆ ಎದ್ದಿತು. ಹೆಸರು ಬಂದದ್ದು ಗೆಲುವೋ, ತಗೊಳ್ಳದ್ದು ಸೋಲೋ? ಪಂಥ ಕಟ್ಟಿದವರಲ್ಲಿ ಒಬ್ಬ ಆಗಲೇ ಹೊಸಪೇಟೆಗೆ ಮನೆ ಬದಲಿಸಿದ್ದ, ಇನ್ನೊಬ್ಬನಿಗೆ ತಾನು ಯಾರ ಪರ ಇದ್ದೆ ಎಂಬುದೇ ನೆನಪಿರಲಿಲ್ಲ. ಹಣ ಇಟ್ಟುಕೊಂಡಿದ್ದ ಚಹಾದಂಗಡಿಯವನು ಅದನ್ನು ಹಳೆಯ ಉದ್ರಿಗೆ ಜಮಾ ಮಾಡಿಕೊಂಡ.