ಮೆಟ್ರೋ ಮಾಮ

ಮುಂಬಯಿ ಮಹಾನಗರಪಾಲಿಕೆಯ ಗಡಿ ಮುಗಿಯುವ ದಹಿಸರಿನಲ್ಲಿ ಮೆಟ್ರೋ ಮಾಮ ಎಂಬ ಜಾತಿಯ ಗೃಹಸ್ಥರು ಧಾರಾಳವಾಗಿ ಕಾಣಸಿಗುತ್ತಾರೆ. ಮೂಲ ಉಡುಪಿ, ಕುಂದಾಪುರ, ಕಾರ್ಕಳದ ಕಡೆ. ವಯಸ್ಸು 65ರ ಆಚೆ. ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ನಾಲ್ಕು ದಶಕ ಕೂತು ಎದ್ದವರು. ಊರಿಂದ ಬಂದ ನೆಂಟರಿಗೆ ಮುಂಬಯಿ ತೋರಿಸುವುದು ಇವರ ಈಗಿನ ಉದ್ಯೋಗ. ಗಾಡಿಯಿಂದ ಇಳಿಯದೆ ತೋರಿಸುವುದು ಇವರ ಪದ್ಧತಿ.

ಜಾತಿ ಹಳೆಯದೇನಲ್ಲ. 2022ರ ಏಪ್ರಿಲ್ 2ರ ಗುಡಿಪಾಡ್ವದಂದು ಡಹಾಣೂಕರವಾಡಿಯಿಂದ ದಹಿಸರ್ ಮೂಲಕ ಆರೇವರೆಗೆ ಎತ್ತರಿಸಿದ ಮೆಟ್ರೋ ಓಡತೊಡಗಿದಾಗ ಇದರ ಜನನ. 2023ರ ಜನವರಿಯಲ್ಲಿ ಹಳದಿ, ಕೆಂಪು ಎರಡೂ ಮಾರ್ಗಗಳು ಅಂಧೇರಿ ಮುಟ್ಟಿದಾಗ ಮೀಸೆ ಬಂತು. ಅದೇ ವರ್ಷ ಮೇ 1ರಿಂದ 65 ದಾಟಿದವರಿಗೆ ಟಿಕೆಟಿನಲ್ಲಿ ಶೇ. 25 ರಿಯಾಯಿತಿ ಸಿಕ್ಕಿತಲ್ಲ, ಆಮೇಲೆ ಹಿಡಿಯುವವರಿಲ್ಲ.

ಅದಕ್ಕೂ ಮೊದಲು ನೆಂಟರು ಬಂದರೆ ಮಾಮನಿಗೆ ಸಂಕಟ. ‘ಲೋಕಲಿನ ರಶ್ಶು ನಿಮಗೆ ಆಗುದಿಲ್ಲ’ ಎಂದು ಅವರನ್ನು ಮನೆಯಲ್ಲೇ ಕೂರಿಸಿ, ಸಂಜೆ ದಹಿಸರಿನ ಮಾರ್ಕೆಟ್ ತೋರಿಸಿ ಮುಗಿಸುತ್ತಿದ್ದರು. ನಿಜ ಹೇಳಬೇಕೆಂದರೆ ಮುಂಬಯಿಯನ್ನು ಮಾಮನೂ ನೋಡಿರಲಿಲ್ಲ. ಚರ್ಚ್‌ಗೇಟಿಗೆ ಹೋಗುವಾಗ ಕಂಡದ್ದು ಎದುರಿನವನ ಅಂಗಿಯ ಬೆನ್ನು. ಬರುವಾಗ ಸಿಕ್ಕಿದ್ದು, ಅದೂ ಪುಣ್ಯವಿದ್ದ ದಿನ, ಮೂವರ ಬೆಂಚಿನ ತುದಿಯಲ್ಲಿ ಅರ್ಧ ತೊಡೆ ಊರುವಷ್ಟು ನಾಲ್ಕನೇ ಸೀಟು. ಕಿಟಕಿ ಅಂದರೆ ವಿರಾರಿನವರ ಪಿತ್ರಾರ್ಜಿತ ಆಸ್ತಿ.

ಪ್ರವಾಸದ ದಿನ ಮಾಮನ ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ನೀರಿನ ಬಾಟಲಿ, ಮಡಚಿದ ‘ಕರ್ನಾಟಕ ಮಲ್ಲ’, ಎಸಿ ಗಾಳಿಗೆ ಕಿವಿ ಮುಚ್ಚಲು ಮಂಗನ ಟೊಪ್ಪಿ. ಮೆಟ್ರೋದಲ್ಲಿ ಸೀಟುಗಳು ಗೋಡೆಯುದ್ದಕ್ಕೂ ಇರುವುದರಿಂದ ಕೂತವರ ಬೆನ್ನು ಕಿಟಕಿಗೆ, ಮುಖ ಎದುರು ಸಾಲಿನವರಿಗೆ. ಹಾಗಾಗಿ ನೆಂಟರಿಗೆ ಕೂರುವ ಅನುಮತಿ ಇಲ್ಲ. ಮೊಣಕಾಲು ನೋವಿನ ಅಕ್ಕನೊಬ್ಬಳಿಗೆ ಮಾತ್ರ ವಿನಾಯಿತಿ; ಅವಳೂ ಕುತ್ತಿಗೆ ತಿರುಚಿ ನೋಡಬೇಕು.

ಮೊದಲ ಪಾಠ ಗಾಡಿಯ ಮೇಲೆಯೇ. ಬೋಗಿಗಳನ್ನು ಮಾಡಿದ್ದು ಬೆಂಗಳೂರಿನ ಬಿಇಎಂಎಲ್. ಚಾಲಕನಿಲ್ಲದೆಯೂ ಓಡಬಲ್ಲ ಗಾಡಿ. ಇದನ್ನು ಹೇಳುವಾಗ ಮಾಮನ ದನಿಯಲ್ಲಿ, ಬೋಲ್ಟುಗಳನ್ನು ತಾವೇ ಬಿಗಿದಂಥ ಗಾಂಭೀರ್ಯ. 

‘ಮತ್ತೆ ಮುಂದೆ ಕೂತದ್ದು ಯಾರು ಮಾಮ?’ ಎಂದು ಅಕ್ಕನ ಮೊಮ್ಮಗ ಕೇಳುತ್ತಾನೆ. 

‘ಅವ ಸುಮ್ಮನೆ ಕೂತದ್ದು ಮಗಾ.’

ಗಾಡಿ ಕೆಂಪು ಮಾರ್ಗ ಹಿಡಿದು ಹೈವೇಯ ಮೇಲೆ ದಕ್ಷಿಣಕ್ಕೆ ಹೊರಡುತ್ತದೆ. ಓವರಿಪಾಡಾ ಕಳೆದರೆ ರಾಷ್ಟ್ರೀಯ ಉದ್ಯಾನ. ಎಡಕ್ಕೆ ಸಂಜಯ ಗಾಂಧಿ ಉದ್ಯಾನದ ಕಾಡು, ಒಳಗೆ ಐದಾರು ಕಿಲೋಮೀಟರ್ ದೂರದಲ್ಲಿ ಬೌದ್ಧರು ಬಂಡೆ ಕೊರೆದು ಮಾಡಿದ ಕನ್ಹೇರಿಯ ನೂರಕ್ಕೂ ಮಿಕ್ಕ ಗುಹೆಗಳು. ಇಳಿದು ನೋಡುವ ಮಾತೆತ್ತಿದರೆ ಮಾಮ ಲೆಕ್ಕ ಒಪ್ಪಿಸುತ್ತಾರೆ: ಗೇಟು ದಾಟಿದರೆ ಈ ಟಿಕೆಟ್ ಮುಗಿಯಿತು, ಮತ್ತೆ ತಲೆಗೆ ಹತ್ತು ರೂಪಾಯಿಯಿಂದ ಶುರು, ಒಳಗೆ ಪಾರ್ಕಿನ ಟಿಕೆಟ್ ಬೇರೆ, ಐದು ಜನ. ಗುಹೆ ಅಂದರೆ ಒಳಗೆ ಕತ್ತಲೆ, ಅಷ್ಟೇ. ದಿಂಡೋಶಿಯ ಹತ್ತಿರ ದಾದಾಸಾಹೇಬ್ ಫಾಲ್ಕೆ ಚಿತ್ರನಗರಿಯ ದಿಕ್ಕಿಗೆ ಬೆರಳು ಏಳುತ್ತದೆ. ಕಾಣುವುದು ಮರ, ನೀಲಿ ತಾಡಪಾಲು, ಒಂದು ನೀರಿನ ಟಾಂಕಿ. ‘ಶೂಟಿಂಗ್ ಒಳಗೆ ನಡೀತಾ ಇರ್ತದೆ.’ ಆರೇ ಬಂದಾಗ ಹಾಲಿನ ಕಾಲನಿಯ ಚರಿತ್ರೆ ಶುರುವಾಗಿ, ಹೋಟೆಲಿನಲ್ಲಿ ಚಹಾಕ್ಕೆ ಎಷ್ಟು ನೀರು ಬೆರೆಸುತ್ತಿದ್ದರು ಎಂಬಲ್ಲಿ ಮುಗಿಯುತ್ತದೆ.

ಗುಂದವಲಿಯಲ್ಲಿ ಅನಿವಾರ್ಯವಾಗಿ ಇಳಿಯಬೇಕು. ಕಾಲುಸೇತುವೆ ದಾಟಿ ಹಿಡಿಯುವುದು ವರ್ಸೋವಾ–ಘಾಟ್ಕೋಪರ್ ನಡುವಿನ ಒಂದನೇ ಮಾರ್ಗವನ್ನು. 2014ರ ಜೂನಿನಲ್ಲಿ ಶುರುವಾದ ನಗರದ ಮೊದಲ ಮೆಟ್ರೋ ಇದು. ಬೋಗಿ ಬರೇ ನಾಲ್ಕು, ಅವೂ ಚೀನಾದವು. ಮಾಮ ಅದರ ಗುಣಗಾನ ಮಾಡುವುದಿಲ್ಲ. ಬೀಗರ ಮನೆಯ ಸಾರಿನ ಹಾಗೆ ಸುಮ್ಮನೆ ಸಹಿಸುತ್ತಾರೆ.

ಆದರೆ ಅಂಧೇರಿಯಲ್ಲಿ ಈ ಗಾಡಿ ಪಶ್ಚಿಮ ರೈಲ್ವೆಯ ಮೇಲೆ ಹಾಯುವಾಗ ಮಾಮ ಮಾತು ನಿಲ್ಲಿಸುತ್ತಾರೆ. ಕೆಳಗೆ ಒಂದು ಲೋಕಲ್ ಬಾಗಿಲಿನಾಚೆ ಜನರನ್ನು ನೇತುಹಾಕಿಕೊಂಡು ಹೋಗುತ್ತಿರುತ್ತದೆ. ಇಷ್ಟು ಹೊತ್ತು ಎಲ್ಲೆಲ್ಲೋ ತೋರಿಸುತ್ತಿದ್ದ ಬೆರಳು ಈಗ ಕಂಬ ಹಿಡಿದಿದೆ. ಅದು ಫಾಸ್ಟೋ ಸ್ಲೋವೋ, ಬೋರಿವಲಿಯದೋ ವಿರಾರಿನದೋ ಎಂದು ನೋಡುತ್ತಾರೆ. ಕೈಗಡಿಯಾರವನ್ನೂ ನೋಡುತ್ತಾರೆ. ‘ಲೇಟುಂಟು’ ಎಂದಷ್ಟೇ ಹೇಳುತ್ತಾರೆ. ಇಡೀ ಪ್ರವಾಸದಲ್ಲಿ ಖಚಿತ ತಿಳಿವಳಿಕೆಯಿಂದ ಬಂದ ಹೇಳಿಕೆ ಇದೊಂದೇ.

ಆಜಾದ್ ನಗರದಲ್ಲಿ ವೀರ ದೇಸಾಯಿ ರಸ್ತೆಯ ಮೊಗವೀರ ಭವನದ ಕಡೆಗೆ ತಿರುಗಿ, ಅಲ್ಲಿ ಉಂಡ ಮದುವೆಗಳ ಪಟ್ಟಿ ಮುಗಿಯುವುದರೊಳಗೆ ಡಿ. ಎನ್. ನಗರ ಬಂದಿರುತ್ತದೆ. ಇನ್ನೊಂದು ಸೇತುವೆ ದಾಟಿ ಅಂಧೇರಿ ಪಶ್ಚಿಮದಿಂದ ಹಳದಿ ಮಾರ್ಗ. ದಹಿಸರ್ ಸೇರಿ 17 ನಿಲ್ದಾಣ. ಮೂರು ಮಾಳಿಗೆ ಎತ್ತರದಲ್ಲಿ ನಿಂತೂ ತಮ್ಮನ್ನು ಲೋವರ್ ಓಶಿವರಾ, ಲೋವರ್ ಮಲಾಡ್ ಎಂದು ಕರೆದುಕೊಳ್ಳುವ ನಿಲ್ದಾಣಗಳು ಈ ದಾರಿಯಲ್ಲಿವೆ. ಇಲ್ಲಿಗೆ ಬರುವಾಗ ನೆಂಟರು ನಿಯಮ ಮುರಿದು ಕೂತಿರುತ್ತಾರೆ. ಎಸಿಯ ತಂಪಿಗೆ ಅಕ್ಕನಿಗೆ ನಿದ್ದೆ. ಬೋರಿವಲಿಯಲ್ಲಿ ದೂರದ ಯಾವುದೋ ಹಳದಿ ನೀರಿನ ಟಾಂಕಿಯನ್ನು ಗೋರಾಯಿಯ ಪಗೋಡಾ ಎಂದು ತೋರಿಸಿದರೂ ವಿರೋಧ ಬರುವುದಿಲ್ಲ. ಮಂಡಪೇಶ್ವರದಲ್ಲಿ ಮಾಮ ಎಲ್ಲರನ್ನೂ ತಟ್ಟಿ ಎಬ್ಬಿಸುತ್ತಾರೆ: ಕೆಳಗೆ ಬಂಡೆ ಕೊರೆದ ಶಿವನ ಗುಹೆ, ಅದರ ಮೇಲೆ ಪೋರ್ಚುಗೀಸರ ಕಾಲದ ಇಗರ್ಜಿಯ ಪಾಳುಗೋಡೆ. ಕೌತುಕದ ಜಾಗ, ಸಂಶಯವಿಲ್ಲ. ಕಾಣುವುದು ಬಿಲ್ಡಿಂಗುಗಳ ಹಿತ್ತಿಲು ಮತ್ತು ಒಣಗಿದ ಬೆಡ್‌ಶೀಟು.

ಕಾಂದರಪಾಡಾ ಬಿಟ್ಟು ಗಾಡಿ ಮತ್ತೆ ರೈಲುಹಳಿಗಳ ಮೇಲೆ ಹಾದು ಪೂರ್ವಕ್ಕೆ ಬರುವಾಗ ಮಾಮ ಮನೆಗೆ ಫೋನ್ ಹಚ್ಚುತ್ತಾರೆ. ‘ಕಿಟಕಿಗೆ ಬಾ, ಬಂದೆವು.’ ಅತ್ತೆ ನೀರುದೋಸೆಯ ಕಾವಲಿ ಬಿಟ್ಟು ಬರಬೇಕು. ಆನಂದನಗರದಿಂದ ಕೊನೆಯ ನಿಲ್ದಾಣದ ನಡುವೆ ಎಲ್ಲೋ, ಮೂರನೇ ಮಾಳಿಗೆಯಲ್ಲಿ, ಅವರ ಅಡುಗೆಮನೆ ಎರಡು ಮೂರು ಸೆಕೆಂಡು ಕಾಣುತ್ತದೆ. 

‘ಅದೇ, ಅದೇ, ಕಂಡಿತಾ?’ 

ಗ್ರಿಲ್ಲಿನಿಂದ ಸೌಟು ಹಿಡಿದ ಕೈಯೊಂದು ಹೊರಗೆ ಬಂದು ಆಡುತ್ತದೆ. ಒಂದೇ ಬಣ್ಣದ ಆರು ಬಿಲ್ಡಿಂಗುಗಳ ಸಾಲಿನಲ್ಲಿ ಯಾವುದೆಂದು ತಿಳಿಯದ ನೆಂಟರು ಪಕ್ಕದ್ದಕ್ಕೆ ಕೈ ಬೀಸುತ್ತಾರೆ. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಅರೆಕ್ಷಣ ನೋಡಿ ತಾನೂ ಕೈ ಬೀಸುತ್ತಾಳೆ.